ಒಂದು ಬ್ರೌಸರ್ ಬಿಟ್ಟು ಇನ್ನೊಂದಕ್ಕೆ

ಅಂತರ್ಜಾಲದ ಯಾವುದೇ ತಾಣಕ್ಕೆ ನೀವು ಭೇಟಿ ಕೊಟ್ಟಾಗ, ಪುಟ ತೆರೆದುಕೊಳ್ಳುವ ಮೊದಲೇ ನಿಮ್ಮ ಗಣಕ ಅಲ್ಲಿಗೆ ಒಂದು ಸಾಲಿನ ಪರಿಚಯಪತ್ರ ಕಳುಹಿಸುತ್ತದೆ. ನಾನು ಇಂಥ ಬ್ರೌಸರ್ (ಜಾಲದರ್ಶಕ), ಇಂಥ ಕಾರ್ಯಾಚರಣ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದೇನೆ ಎಂದು ತಿಳಿಸುವ ಸಾಲು ಅದು. ಇಂದು ಬಹುಮಂದಿ ಬಳಸುವ ಕ್ರೋಮ್ ಬ್ರೌಸರ್ ಕಳುಹಿಸುವ ಸಾಲಿನಲ್ಲಿ ಮೊಜಿಲ್ಲಾ, ಆಪಲ್‌ವೆಬ್‌ಕಿಟ್, ಕೆಎಚ್‌ಟಿಎಂಎಲ್, ಗೆಕೊ, ಕ್ರೋಮ್, ಸಫಾರಿ ಎಂಬ ಆರು ಹೆಸರುಗಳಿರುತ್ತವೆ. ಇವುಗಳಲ್ಲಿ ಅದರ ಸ್ವಂತ ಹೆಸರು ಒಂದೇ. ಉಳಿದ ಐದೂ ಬೇರೆಯವರವು. ತಿಮಿಂಗಿಲದ ದೇಹದೊಳಗೆ ಉಳಿದುಕೊಂಡಿರುವ ಸೊಂಟದ ಸಣ್ಣ ಮೂಳೆಗಳು ಅದರ ಪೂರ್ವಜರು ನೆಲದ ಮೇಲೆ ನಡೆದಾಡಿದ್ದನ್ನು ಹೇಳುತ್ತವಷ್ಟೆ? ಈ ಹೆಸರುಗಳೂ ಹಾಗೆಯೇ. ಜನ ಒಂದು ಬ್ರೌಸರ್ ಬಿಟ್ಟು ಇನ್ನೊಂದಕ್ಕೆ ಹೊರಟಾಗಲೆಲ್ಲ ಒಂದೊಂದು ಅವಶೇಷ ಆ ಸಾಲಿನಲ್ಲಿ ಉಳಿದುಕೊಂಡಿದೆ.

ಬ್ರೌಸರ್ ಬದಲಾಯಿಸುವುದು ಇಂದು ಐದು ನಿಮಿಷದ ಕೆಲಸ. ಹೊಸದನ್ನು ಇಳಿಸಿಕೊಂಡರೆ ಹಳೆಯದರಲ್ಲಿ ಗುರುತು ಹಾಕಿಟ್ಟ ಪುಟಗಳು, ಪಾಸ್‌ವರ್ಡ್‌ಗಳು ಎಲ್ಲವನ್ನೂ ಅದೇ ಎತ್ತಿಕೊಂಡು ಬರುತ್ತದೆ. ನಿನ್ನೆ ನೋಡಿದ ತಾಣಗಳೆಲ್ಲ ಇಂದೂ ತೆರೆಯುತ್ತವೆ. ಆದರೆ ಇದು ತಾನಾಗಿ ಒದಗಿದ ಸೌಲಭ್ಯವಲ್ಲ. ಬ್ರೌಸರ್ ಬದಲಾಯಿಸಲು ಬಯಸಿದರೂ ಸಾಧ್ಯವಾಗದೆ ಇಡೀ ಒಂದು ದೇಶವೇ ಸುಮಾರು ಇಪ್ಪತ್ತು ವರ್ಷ ಕಟ್ಟುಬಿದ್ದದ್ದೂ ಉಂಟು.

ಬರೆದ ನಾಟಕ, ಆಡುವ ತಂಡ

ಬ್ರೌಸರ್ ಮಾಡುವ ಕೆಲಸವೇನು ಎಂಬುದನ್ನು ಮೊದಲು ನೋಡೋಣ. ತಾಣದಿಂದ ನಮ್ಮ ಗಣಕಕ್ಕೆ ಬರುವುದು ಸಿದ್ಧವಾದ ಚಿತ್ರವಲ್ಲ, ಬರೆಹ. ಇದು ಶೀರ್ಷಿಕೆ, ಇದು ಪ್ಯಾರಾ, ಇಲ್ಲಿ ಚಿತ್ರ, ಇದು ಕೆಂಪು ಬಣ್ಣದಲ್ಲಿರಲಿ ಎಂಬ ಸೂಚನೆಗಳು ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯಲ್ಲೂ ಅದರ ಜೊತೆಗಾರ ಭಾಷೆಗಳಲ್ಲೂ ಇರುತ್ತವೆ. ಬ್ರೌಸರ್‌ನ ಒಳಗಿರುವ ಎಂಜಿನ್ ಎಂಬ ಭಾಗ ಅದನ್ನು ಓದಿ, ಯಾವುದರೊಳಗೆ ಯಾವುದಿದೆ ಎಂಬುದನ್ನು ವಂಶವೃಕ್ಷದಂತೆ ಜೋಡಿಸಿ, ಪ್ರತಿಯೊಂದಕ್ಕೂ ತೆರೆಯ ಮೇಲೆ ಎಷ್ಟು ಜಾಗ ಎಂದು ಲೆಕ್ಕಹಾಕಿ, ಆಮೇಲೆ ಚಿತ್ರಿಸುತ್ತದೆ. ನಾಟಕದ ಹಸ್ತಪ್ರತಿ ಒಂದೇ ಆದರೂ ಅದನ್ನು ಆಡುವ ತಂಡಗಳು ಬೇರೆ ಬೇರೆ ಇರಬಹುದಲ್ಲ? ಹಸ್ತಪ್ರತಿ ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿದ್ದರೆ ಯಾವ ತಂಡ ಬೇಕಾದರೂ ಆಡಬಹುದು. ಒಂದೇ ತಂಡಕ್ಕೆ ಗೊತ್ತಿರುವ ಸನ್ನೆಗಳಲ್ಲಿ ಬರೆದಿದ್ದರೆ, ಆ ತಂಡ ಬಾರದ ಊರಿನಲ್ಲಿ ನಾಟಕವಿಲ್ಲ. ಬ್ರೌಸರ್‌ಗಳ ಇಡೀ ಚರಿತ್ರೆ ಇಷ್ಟರಲ್ಲೇ ಅಡಗಿದೆ.

ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ಮೊದಲ ಬ್ರೌಸರ್ ಬರೆದರು. ನೆಕ್ಸ್ಟ್ ಎಂಬ ದುಬಾರಿ ಗಣಕದಲ್ಲಿ ಮಾತ್ರ ಅದು ನಡೆಯುತ್ತಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಹಕ್ಕುಗಳ ಬಂಧನವಿಲ್ಲದೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ವಿದ್ಯಾರ್ಥಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ಎಂಬವರು ಮೊಸಾಯಿಕ್ ಎಂಬ ಬ್ರೌಸರ್ ಹೊರತಂದರು. ಅಕ್ಷರಗಳ ನಡುವೆಯೇ ಚಿತ್ರಗಳನ್ನೂ ತೋರಿಸಿ ಅದು ಜನಪ್ರಿಯವಾಯಿತು. 1994ರಲ್ಲಿ ಆಂಡ್ರೀಸನ್ ಉದ್ಯಮಿ ಜಿಮ್ ಕ್ಲಾರ್ಕ್ ಜೊತೆ ಸೇರಿ ಕಂಪನಿ ಕಟ್ಟಿದರು. ಅದೇ ನೆಟ್‌ಸ್ಕೇಪ್. ಮೊಸಾಯಿಕ್ ಅನ್ನು ನುಂಗಲು ಹೊರಟ ಹೊಸ ಬ್ರೌಸರ್‌ಗೆ ಗೆಳೆಯರ ನಡುವೆ ಇಟ್ಟ ಅಡ್ಡಹೆಸರು ಮೊಜಿಲ್ಲಾ: ಮೊಸಾಯಿಕ್ ಮತ್ತು ಜಪಾನೀ ಚಲನಚಿತ್ರಗಳ ದೈತ್ಯ ಗಾಡ್ಜಿಲ್ಲಾ ಸೇರಿ ಆದ ಪದ.

ಪರಿಚಯಪತ್ರದ ಮೊದಲ ಹೆಸರು ಬಂದದ್ದು ಇಲ್ಲಿಂದ. ನೆಟ್‌ಸ್ಕೇಪ್‌ನ ಬ್ರೌಸರ್ ಆ ಕಾಲದ ಉಳಿದವುಗಳಿಗಿಂತ ಮುಂದಿತ್ತು. ಹಾಗಾಗಿ ತಾಣಗಳನ್ನು ನಡೆಸುವವರು ಮೊಜಿಲ್ಲಾ ಎಂದು ಹೇಳಿಕೊಂಡು ಬಂದವರಿಗೆ ಚೆಂದದ ಪುಟವನ್ನೂ ಉಳಿದವರಿಗೆ ಬಡಕಲು ಪುಟವನ್ನೂ ಕಳುಹಿಸತೊಡಗಿದರು. ಆಮೇಲೆ ಬಂದ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ಗೂ (ಮುಂದೆ ಐಇ ಎನ್ನೋಣ) ಚೆಂದದ ಪುಟ ಬೇಕಲ್ಲವೇ? ಅದು ತಾನೂ ಮೊಜಿಲ್ಲಾ, ಅಂದರೆ ಅದಕ್ಕೆ ಹೊಂದಿಕೆಯಾಗುವಂಥದ್ದು, ಎಂದು ಹೇಳಿಕೊಂಡಿತು. ಆ ಸುಳ್ಳನ್ನು ಮುಂದೆ ಬಂದ ಪ್ರತಿಯೊಂದು ಪ್ರಮುಖ ಬ್ರೌಸರ್ ಕೂಡ ಮುಂದುವರಿಸಿದೆ.

ಗಣಕದ ಜೊತೆಗೇ ಬಂದದ್ದು

1995ರ ಆಗಸ್ಟ್ 9ರಂದು ನೆಟ್‌ಸ್ಕೇಪ್ ಷೇರು ಮಾರುಕಟ್ಟೆಗೆ ಬಂತು. 28 ಡಾಲರ್‌ಗೆ ಹಂಚಿದ ಷೇರು ಅದೇ ಸಂಜೆ 58.25 ಡಾಲರ್‌ಗೆ ನಿಂತಿತು. ಇತ್ತ ಮೇ ತಿಂಗಳಲ್ಲೇ ಬಿಲ್ ಗೇಟ್ಸ್ ತಮ್ಮ ಅಧಿಕಾರಿಗಳಿಗೆ ಅಂತರ್ಜಾಲವನ್ನು ಉಬ್ಬರದ ಅಲೆಗೆ ಹೋಲಿಸಿ ಪತ್ರ ಬರೆದಿದ್ದರು. ಮೊಸಾಯಿಕ್‌ನ ಪರವಾನಗಿ ಹೊಂದಿದ್ದ ಸ್ಪೈಗ್ಲಾಸ್ ಕಂಪನಿಯಿಂದ ಮೂಲ ತಂತ್ರಾಂಶ ಪಡೆದು ಮೈಕ್ರೋಸಾಫ್ಟ್ ಆಗಸ್ಟ್‌ನಲ್ಲಿ ಐಇ ಮೊದಲ ಆವೃತ್ತಿ ಹೊರತಂದಿತು. ಅದನ್ನು ಯಾರೂ ಅಷ್ಟಾಗಿ ಗಣನೆಗೆ ತೆಗೆದುಕೊಳ್ಳಲಿಲ್ಲ. ಆದರೆ ಮೂರನೇ, ನಾಲ್ಕನೇ ಆವೃತ್ತಿಯ ಹೊತ್ತಿಗೆ ಐಇ ನಿಜಕ್ಕೂ ಒಳ್ಳೆಯ ಬ್ರೌಸರ್ ಆಗಿತ್ತು. ಕೆಲವು ವಿಷಯಗಳಲ್ಲಿ ನೆಟ್‌ಸ್ಕೇಪ್‌ಗಿಂತ ಮಾನಕಗಳಿಗೆ ಹೆಚ್ಚು ಹತ್ತಿರವಾಗಿಯೂ ಇತ್ತು. ಇದನ್ನು ಮರೆತು ಬರೆಯುವ ಚರಿತ್ರೆ ನ್ಯಾಯವಾದದ್ದಲ್ಲ.

ಆದರೂ ಐಇ ಗೆದ್ದದ್ದು ಗುಣವೊಂದರಿಂದಲೇ ಅಲ್ಲ. ನೆಟ್‌ಸ್ಕೇಪ್ ಅನ್ನು ಯಾರಾದರೂ ತಂದು ಸ್ಥಾಪಿಸಬೇಕಿತ್ತು. ಕಂಪನಿಗಳು ಹಣವನ್ನೂ ಕೊಡಬೇಕಿತ್ತು. ಐಇ ಉಚಿತವಾಗಿತ್ತು, ವಿಂಡೋಸ್ ಜೊತೆಗೇ ಬಂದು ಕೂತಿರುತ್ತಿತ್ತು. ಇದ್ದದ್ದನ್ನು ಬಿಟ್ಟು ಇನ್ನೊಂದನ್ನು ಹುಡುಕಿ ತರುವ ಜನ ಯಾವ ಕಾಲದಲ್ಲೂ ಕಡಿಮೆ. 1997ರಲ್ಲಿ ಐಇ 4 ಬಿಡುಗಡೆಯಾದ ರಾತ್ರಿ ಮೈಕ್ರೋಸಾಫ್ಟ್ ನೌಕರರು 'ಇ' ಅಕ್ಷರದ ದೊಡ್ಡ ಲಾಂಛನವನ್ನು ನೆಟ್‌ಸ್ಕೇಪ್ ಕಚೇರಿಯ ಹುಲ್ಲುಹಾಸಿನ ಮೇಲೆ ಇಟ್ಟುಬಂದರು. ಬೆಳಿಗ್ಗೆ ನೆಟ್‌ಸ್ಕೇಪ್‌ನವರು ಅದನ್ನು ಕೆಡವಿ, ಅದರ ಮೇಲೆ ತಮ್ಮ ಡೈನೋಸಾರ್ ಗೊಂಬೆ ನಿಲ್ಲಿಸಿ, 'ನೆಟ್‌ಸ್ಕೇಪ್ 72, ಮೈಕ್ರೋಸಾಫ್ಟ್ 18' ಎಂಬ ಫಲಕ ತೂಗುಹಾಕಿದರು. ಅಂದಿನ ಬಳಕೆಯ ಪಾಲು ಹಾಗಿತ್ತು. ಮುಂದಿನ ಐದು ವರ್ಷಗಳಲ್ಲಿ ಐಇಯ ಪಾಲು ನೂರಕ್ಕೆ ತೊಂಬತ್ತನ್ನು ದಾಟಿತು.

1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಮೈಕ್ರೋಸಾಫ್ಟ್ ವಿರುದ್ಧ ಏಕಸ್ವಾಮ್ಯದ ಮೊಕದ್ದಮೆ ಹೂಡಿತು. ಐಇ ವಿಂಡೋಸ್‌ನಿಂದ ಬೇರ್ಪಡಿಸಲಾಗದ ಅಂಗ ಎಂಬುದು ಕಂಪನಿಯ ವಾದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಎಡ್ವರ್ಡ್ ಫೆಲ್ಟನ್, ಐಇಯನ್ನು ತೆಗೆದುಹಾಕುವ ಒಂದು ಪ್ರೋಗ್ರಾಂ ಬರೆದು ತೋರಿಸಿದರು. ಹಾಗೆ ತೆಗೆದರೆ ವಿಂಡೋಸ್ ನಿಧಾನವಾಗುತ್ತದೆ ಎಂದು ಸಾಧಿಸಲು ಕಂಪನಿ 1999ರಲ್ಲಿ ನ್ಯಾಯಾಲಯದಲ್ಲಿ ಒಂದು ವಿಡಿಯೋ ತೋರಿಸಿತು. ಅದರಲ್ಲಿ ಬಳಸಿದ್ದು ಒಂದೇ ಗಣಕವಲ್ಲ ಎಂಬುದು ಪಾಟೀಸವಾಲಿನಲ್ಲಿ ಹೊರಬಿದ್ದು ಮುಜುಗರವಾಯಿತು. (ಪ್ರಯೋಗದ ನಿಯಂತ್ರಣ ಎಂದರೇನು ಎಂದು ವಿದ್ಯಾರ್ಥಿಗಳಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.) ಕಂಪನಿಯನ್ನು ಎರಡು ಹೋಳು ಮಾಡಬೇಕೆಂದು 2000ದಲ್ಲಿ ಬಂದ ಆದೇಶವನ್ನು ಮರುವರ್ಷ ಮೇಲಿನ ನ್ಯಾಯಾಲಯ ರದ್ದುಮಾಡಿತು. ಕೊನೆಗೆ ರಾಜಿಯಾಯಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ಮುಗಿದಿತ್ತು.

ಮುಗಿಯುವ ಮುನ್ನ ಅದು ಮಾಡಿದ ಒಂದು ಕೆಲಸ ಮಾತ್ರ ಉಳಿಯಿತು. 1998ರ ಮಾರ್ಚ್ 31ರಂದು ತನ್ನ ಬ್ರೌಸರ್‌ನ ಮೂಲ ಸಂಕೇತವನ್ನು ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಆ ಯೋಜನೆಗೆ ಇಟ್ಟ ಹೆಸರು ಅದೇ ಹಳೆಯ ಮೊಜಿಲ್ಲಾ. ಹಳೆಯ ಎಂಜಿನ್ ಕೈಬಿಟ್ಟು ಹೊಸದಾಗಿ ಬರೆದ ಎಂಜಿನ್‌ಗೆ ಗೆಕೊ, ಅಂದರೆ ಹಲ್ಲಿ, ಎಂದು ಹೆಸರಾಯಿತು. ಪರಿಚಯಪತ್ರದ ಇನ್ನೊಂದು ಹೆಸರು ಇದು.

ಐದು ವರ್ಷದ ನಿದ್ದೆ

2001ರ ಆಗಸ್ಟ್‌ನಲ್ಲಿ ಐಇ 6 ಬಂತು. ಮುಂದಿನ ಆವೃತ್ತಿ ಬಂದದ್ದು 2006ರ ಅಕ್ಟೋಬರ್‌ನಲ್ಲಿ. ಐದು ವರ್ಷ! ಸ್ಪರ್ಧಿ ಇಲ್ಲದ ಮೇಲೆ ಬ್ರೌಸರ್ ಸುಧಾರಿಸಲು ಹಣ ಯಾಕೆ ಸುರಿಯಬೇಕು ಎಂಬ ಲೆಕ್ಕಾಚಾರ ಇದ್ದಿರಬೇಕು. ಅಂತರ್ಜಾಲ ಬಳಸುವವರ ಸಂಖ್ಯೆ ಏರುತ್ತಿದ್ದ ಆ ವರ್ಷಗಳಲ್ಲಿ ಪುಟ ತೆರೆದರೆ ಸಾಕು, ಜಾಹೀರಾತಿನ ಚಿಕ್ಕ ಕಿಟಕಿಗಳು ಒಂದರ ಮೇಲೊಂದು ಜಿಗಿಯುತ್ತಿದ್ದವು. ಒಂದನ್ನು ಮುಚ್ಚಿದರೆ ಎರಡು ಬರುತ್ತಿದ್ದವು. ಸೈಬರ್ ಕೆಫೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಕೂತವರಿಗೆ ಅರ್ಧ ಸಮಯ ಕಿಟಕಿ ಮುಚ್ಚುವುದರಲ್ಲೇ ಹೋಗುತ್ತಿತ್ತು. ಆಕ್ಟಿವ್‌ಎಕ್ಸ್ ಎಂಬ ವ್ಯವಸ್ಥೆಯ ಮೂಲಕ ತಾಣವೊಂದು ನೇರವಾಗಿ ನಿಮ್ಮ ವಿಂಡೋಸ್‌ನೊಳಗೆ ಪ್ರೋಗ್ರಾಂ ಇಳಿಸಿ ನಡೆಸಬಹುದಿತ್ತು. ಅನುಕೂಲ ಎಷ್ಟೋ ಅಪಾಯವೂ ಅಷ್ಟೇ. 2004ರ ಜೂನ್‌ನಲ್ಲಿ ಡೌನ್‌ಲೋಡ್.ಜೆಕ್ಟ್ ಎಂಬ ದಾಳಿ ನಡೆದಾಗ, ನಂಬಿಕಸ್ಥ ತಾಣಗಳಿಗೆ ಭೇಟಿ ಕೊಟ್ಟವರ ಗಣಕಗಳಿಗೂ ಕಳ್ಳ ತಂತ್ರಾಂಶ ಇಳಿಯಿತು. ಅಮೆರಿಕದ ಗಣಕ ಸುರಕ್ಷತಾ ಸಂಸ್ಥೆ ಯುಎಸ್-ಸರ್ಟ್ ತನ್ನ ಸಲಹೆಗಳ ಪಟ್ಟಿಯಲ್ಲಿ ಬೇರೆ ಬ್ರೌಸರ್ ಬಳಸುವುದನ್ನೂ ಸೇರಿಸಿತು.

ಬೇರೆ ಬ್ರೌಸರ್‌ಗಳು ಇದ್ದವೇ? ನಾರ್ವೆಯ ಒಪೆರಾ ಇತ್ತು. ವೇಗವಾಗಿತ್ತು, ಅನೇಕ ಹೊಸತುಗಳು ಅದರಲ್ಲೇ ಮೊದಲು ಬಂದವು. ಆದರೆ 2005ರ ಸೆಪ್ಟೆಂಬರ್‌ವರೆಗೆ ಅದಕ್ಕೆ ಹಣ ಕೊಡಬೇಕಿತ್ತು, ಇಲ್ಲವೇ ಜಾಹೀರಾತು ಸಹಿಸಬೇಕಿತ್ತು. ಮೊಜಿಲ್ಲಾದವರ ಸ್ವಂತ ಬ್ರೌಸರ್ 2002ರ ಜೂನ್‌ನಲ್ಲಿ 1.0 ತಲಪಿತ್ತು; ಇಮೇಲ್, ಪುಟ ರಚನೆ ಎಲ್ಲವನ್ನೂ ಹೊತ್ತ ಭಾರದ ಗಾಡಿ ಅದು. ಅದೇ ವರ್ಷ ನೆಟ್‌ಸ್ಕೇಪ್‌ನ ಎಂಜಿನಿಯರ್ ಡೇವ್ ಹಯಾಟ್ ಹಾಗೂ ಇನ್ನೂ ಹದಿಹರೆಯದಲ್ಲಿದ್ದ ವಿದ್ಯಾರ್ಥಿ ಬ್ಲೇಕ್ ರಾಸ್, ಇದರಿಂದ ಬ್ರೌಸರ್ ಒಂದನ್ನೇ ಬಿಡಿಸಿ ಹಗುರಾಗಿ ಕಟ್ಟಲು ಕೂತರು. ಸೆಪ್ಟೆಂಬರ್‌ನಲ್ಲಿ ಬಂದ ಅದರ ಹೆಸರು ಫೀನಿಕ್ಸ್. ಆ ಹೆಸರಿನ ಕಂಪನಿಯೊಂದು ಆಕ್ಷೇಪಿಸಿದ್ದರಿಂದ ಫೈರ್‌ಬರ್ಡ್ ಆಯಿತು. ಅದೇ ಹೆಸರಿನ ಮುಕ್ತ ದತ್ತಸಂಚಯ ತಂತ್ರಾಂಶದವರು ಸಿಟ್ಟಾದದ್ದರಿಂದ 2004ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ ಎಂದಾಯಿತು.

ಫೈರ್‌ಫಾಕ್ಸ್ 1.0 ಬಿಡುಗಡೆಯಾದದ್ದು 2004ರ ನವೆಂಬರ್ 9ರಂದು. ಡಿಸೆಂಬರ್ 16ರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಎರಡು ಪೂರ್ಣ ಪುಟಗಳ ಜಾಹೀರಾತು ಬಂತು. ಅದರ ಖರ್ಚು ಹಾಕಿದ್ದು ಸುಮಾರು ಹತ್ತು ಸಾವಿರ ಸಾಮಾನ್ಯ ಬಳಕೆದಾರರು, ಅವರ ಹೆಸರುಗಳೂ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿದ್ದವು.

ಜನ ಯಾಕೆ ಬದಲಾಯಿಸಿದರು? ಮುಕ್ತ ತಂತ್ರಾಂಶದ ತತ್ತ್ವ ಹಿಡಿಸಿದವರು ಕೆಲವರು ಇದ್ದಿರಬಹುದು. ಬಹುಮಂದಿಗೆ ಕಾರಣಗಳು ಸರಳವಾಗಿದ್ದವು. ಜಿಗಿಯುವ ಕಿಟಕಿಗಳನ್ನು ಅದು ತಾನಾಗಿ ತಡೆಯುತ್ತಿತ್ತು. ಹತ್ತು ಪುಟಗಳನ್ನು ಒಂದೇ ಕಿಟಕಿಯಲ್ಲಿ ಟ್ಯಾಬ್‌ಗಳಾಗಿ ತೆರೆಯಬಹುದಿತ್ತು. ಆಕ್ಟಿವ್‌ಎಕ್ಸ್ ಇರಲಿಲ್ಲ, ಆದ್ದರಿಂದ ಆ ದಾರಿಯ ದಾಳಿಗಳೂ ಇಲ್ಲ. ಇಳಿಸಬೇಕಾದ ಕಡತ ವಿಂಡೋಸ್‌ಗೆ 4.7 ಮೆಗಾಬೈಟ್ ಅಷ್ಟೇ. ದೂರವಾಣಿ ತಂತಿಯ 56 ಕಿಲೋಬಿಟ್ ಮೋಡೆಮ್‌ನಲ್ಲಿ ಎಷ್ಟು ಹೊತ್ತು ಎಂದು ಲೆಕ್ಕಹಾಕಿ: 4.7 ಅನ್ನು 8ರಿಂದ ಗುಣಿಸಿದರೆ 37.6 ಮೆಗಾಬಿಟ್, ಅದನ್ನು ಪೂರ್ಣ ವೇಗದಲ್ಲಿ ಭಾಗಿಸಿದರೂ ಹನ್ನೊಂದು ನಿಮಿಷಕ್ಕಿಂತ ಹೆಚ್ಚು. ತಂತಿ ಪೂರ್ಣ ವೇಗ ಕೊಡುತ್ತಿದ್ದದ್ದು ಅಪರೂಪವಾದ್ದರಿಂದ ಕಾಲುಗಂಟೆ, ಇಪ್ಪತ್ತು ನಿಮಿಷ ಎನ್ನಿ. ಅಷ್ಟು ಕಾಯುವ ತಾಳ್ಮೆ ಜನರಿಗೆ ಇತ್ತು. ಸ್ಥಾಪಿಸಿದ ಮೇಲೆ ಅದು ಕೇಳುತ್ತಿದ್ದ ಮೊದಲ ಪ್ರಶ್ನೆಗಳಲ್ಲೊಂದು, ಐಇಯಲ್ಲಿ ನೀವು ಗುರುತುಹಾಕಿದ ಪುಟಗಳನ್ನು ತರಲೇ ಎಂಬುದು. ಮನೆ ಬದಲಾಯಿಸುವಾಗ ಸಾಮಾನು ಸಾಗಿಸಲು ಲಾರಿಯನ್ನೂ ಅವರೇ ಕಳುಹಿಸಿದಂತೆ! ನನ್ನ ದೃಷ್ಟಿಯಲ್ಲಿ ಫೈರ್‌ಫಾಕ್ಸ್‌ನ ಜಾಣತನ ಟ್ಯಾಬ್‌ಗಳಿಗಿಂತ ಇದರಲ್ಲೇ ಹೆಚ್ಚು ಕಾಣುತ್ತದೆ.

ಒಂದು ವರ್ಷ ತುಂಬುವ ಮೊದಲೇ, 2005ರ ಅಕ್ಟೋಬರ್‌ನಲ್ಲಿ, ಹತ್ತು ಕೋಟಿ ಸಲ ಅದನ್ನು ಇಳಿಸಿಕೊಳ್ಳಲಾಗಿತ್ತು. ಅಷ್ಟರಲ್ಲಿ ಬಿಲ್ ಗೇಟ್ಸ್ ಐಇ 7 ಬರಲಿದೆ ಎಂದು ಘೋಷಿಸಿಯೂ ಆಗಿತ್ತು. ಅಂದರೆ ಬ್ರೌಸರ್ ಬದಲಾಯಿಸದೆ ಕೂತವರಿಗೂ ಬದಲಾಯಿಸಿದವರಿಂದ ಲಾಭವಾಯಿತು.

ಕನ್ನಡದ ಪುಟಗಳಿಗೆ ಆದದ್ದೇನು?

ಕನ್ನಡ ಓದುಗರ ಮಟ್ಟಿಗೆ ಈ ಬದಲಾವಣೆ ಅಷ್ಟು ಸಲೀಸಾಗಿರಲಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುಂಚೆ ಭಾರತೀಯ ಭಾಷೆಗಳ ತಾಣಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲೇ ತಮ್ಮ ಅಕ್ಷರಗಳ ತುಂಡುಗಳನ್ನು ಕೂರಿಸುತ್ತಿದ್ದವು. ತಾಣದವರ ಫಾಂಟ್ ಓದುಗರ ಗಣಕದಲ್ಲಿ ಇಲ್ಲದಿದ್ದರೆ ಪುಟದ ತುಂಬ ರೋಮನ್ ಅಕ್ಷರಗಳ ಕಲಸುಮೇಲೋಗರ. ಇದಕ್ಕೆ ಪರಿಹಾರವಾಗಿ ಪುಟದ ಜೊತೆಗೇ ಫಾಂಟ್ ಅನ್ನೂ ಕಳುಹಿಸುವ ಡೈನಮಿಕ್ ಫಾಂಟ್ ತಂತ್ರ ಬಂತು. ಮೈಕ್ರೋಸಾಫ್ಟ್ ರೂಪಿಸಿದ ಇಒಟಿ ಎಂಬ ಮಾದರಿ ಐಇಯಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಹಾಗಾಗಿ ತನ್ನ ಭಾಷೆಯಲ್ಲಿ ಸುದ್ದಿ ಓದಬೇಕೆನ್ನುವವನಿಗೆ ಬ್ರೌಸರ್ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ. ಫೈರ್‌ಫಾಕ್ಸ್‌ಗೆ ಬಂದರೆ ಮತ್ತೆ ಅದೇ ಕಲಸುಮೇಲೋಗರ.

ಈ ಗೋಡೆ ದಾಟಲು ಪದ್ಮ ಎಂಬ ಒಂದು ಸೇರ್ಪಡೆ ತಂತ್ರಾಂಶ ಬಂತು. ತೆಲುಗಿನಿಂದ ಆರಂಭವಾಗಿ ಭಾರತದ ಇತರ ಲಿಪಿಗಳಿಗೂ ಬೆಳೆದ ಅದು, ಖಾಸಗಿ ಫಾಂಟ್‌ಗಳಲ್ಲಿದ್ದ ಪುಟಗಳನ್ನು ಫೈರ್‌ಫಾಕ್ಸ್ ಒಳಗೇ ಯುನಿಕೋಡ್‌ಗೆ ಪರಿವರ್ತಿಸಿ ತೋರಿಸುತ್ತಿತ್ತು.

ನಿಜವಾದ ಪರಿಹಾರ ಯುನಿಕೋಡ್. ಆದರೆ ಅಲ್ಲಿಯೂ ಒಂದು ತೊಡಕಿತ್ತು. ಯುನಿಕೋಡ್‌ನಲ್ಲಿ ಶೇಖರವಾಗುವುದು ಅಕ್ಷರಗಳ ಮೂಲ ಘಟಕಗಳು. ಅವುಗಳ ಆಕಾರ ಹೊಂದಿಸುವುದು ಪ್ರದರ್ಶನದ ವೇಳೆಯ ಕೆಲಸ. 'ಸ್ತ್ರೀ' ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಒಂದೇ ಅಕ್ಷರ. ಗಣಕದಲ್ಲಿ ಅದು ಸ, ವಿರಾಮ, ತ, ವಿರಾಮ, ರ, ಈಕಾರ ಎಂಬ ಆರು ಸಂಕೇತಗಳ ಸಾಲು. ಒತ್ತಕ್ಷರಗಳನ್ನು ಕೆಳಗೆ, ದೀರ್ಘವನ್ನು ಪಕ್ಕಕ್ಕೆ ಕೂರಿಸುವವರು ಯಾರು? ಇಂಗ್ಲಿಷ್ ಅನ್ನು ಮನಸ್ಸಿನಲ್ಲಿಟ್ಟು ಬರೆದ ಬ್ರೌಸರ್ ಒಂದು ಸಂಕೇತಕ್ಕೆ ಒಂದು ಆಕಾರ ಎಂದೇ ಭಾವಿಸುತ್ತದೆ. ವಿಂಡೋಸ್ ಎಕ್ಸ್‌ಪಿಯಲ್ಲಿ (2001) ಕನ್ನಡಕ್ಕೆ ತುಂಗಾ ಎಂಬ ಯುನಿಕೋಡ್ ಫಾಂಟ್ ಬಂದು, ಐಇ ಆ ವ್ಯವಸ್ಥೆಯನ್ನು ಬಳಸಿಕೊಂಡಿತು. ಫೈರ್‌ಫಾಕ್ಸ್‌ನ ಮೊದಲ ಆವೃತ್ತಿಗಳು ಹಿಂದೆ ಬಿದ್ದವು. ಸಾಲಿನ ಎರಡೂ ಅಂಚು ಸಮವಾಗಿರಲಿ ಎಂದು ಪುಟದಲ್ಲಿ ಸೂಚಿಸಿದ್ದರೆ ಸಾಕು, ಒತ್ತಕ್ಷರಗಳು ಬಿಡಿಬಿಡಿಯಾಗಿ ಒಡೆದುಹೋಗುತ್ತಿದ್ದವು. ಅಕ್ಷರಗಳ ನಡುವೆ ಜಾಗ ಹಂಚುವ ಲೆಕ್ಕ ಗುಣಿತಾಕ್ಷರ, ಒತ್ತಕ್ಷರಗಳನ್ನು ಗಮನಿಸುತ್ತಿರಲಿಲ್ಲ. ಈ ದೋಷ ಹೋದದ್ದು 2008ರ ಜೂನ್ 17ರಂದು ಬಂದ ಮೂರನೇ ಆವೃತ್ತಿಯಲ್ಲಿ. (ಅಂದು ಇಪ್ಪತ್ತನಾಲ್ಕು ಗಂಟೆಗಳಲ್ಲಿ 80 ಲಕ್ಷಕ್ಕೂ ಹೆಚ್ಚು ಪ್ರತಿಗಳು ಇಳಿದು ಗಿನ್ನೆಸ್ ದಾಖಲೆಯಾಯಿತು.) ಸ್ವಯಂಸೇವಕರ ದುಡಿಮೆಯಿಂದ ಫೈರ್‌ಫಾಕ್ಸ್‌ನ ಕನ್ನಡ ಆವೃತ್ತಿಯೂ ಮುಂದೆ ಸಿದ್ಧವಾಯಿತು. ಇಂದು ಕ್ರೋಮ್, ಫೈರ್‌ಫಾಕ್ಸ್ ಎರಡೂ ಒತ್ತಕ್ಷರ ಜೋಡಿಸುವ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಒಂದೇ ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡಿವೆ. ಕನ್ನಡ ಪುಟ ಯಾವ ಬ್ರೌಸರ್‌ನಲ್ಲೂ ಒಂದೇ ರೀತಿ ಕಾಣುವುದಕ್ಕೆ ಅದೂ ಒಂದು ಕಾರಣ.

ಬದಲಾಯಿಸಲಾಗದ ದೇಶ

ಇದೇ ಕಾಲದಲ್ಲಿ ದಕ್ಷಿಣ ಕೊರಿಯಾದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮನೆಮನೆಗೆ ವೇಗದ ಅಂತರ್ಜಾಲ ಮೊದಲು ತಲಪಿದ ದೇಶಗಳಲ್ಲಿ ಅದೂ ಒಂದು.

1990ರ ದಶಕದಲ್ಲಿ ಅಮೆರಿಕವು ಬಲವಾದ ಗೂಢಲಿಪಿಯನ್ನು ಯುದ್ಧಸಾಮಗ್ರಿಯಂತೆ ಕಂಡು ಅದರ ರಫ್ತನ್ನು ನಿರ್ಬಂಧಿಸಿತ್ತು. ಹೊರದೇಶಗಳಿಗೆ ಬರುತ್ತಿದ್ದ ಬ್ರೌಸರ್‌ಗಳಲ್ಲಿ ಸಂದೇಶ ಮುಚ್ಚಿಡುವ ಕೀಲಿ 40 ಬಿಟ್ ಉದ್ದದ್ದು. ಅಂದರೆ ಸಾಧ್ಯವಿರುವ ಕೀಲಿಗಳ ಸಂಖ್ಯೆ 2ರ ನಲವತ್ತನೇ ಘಾತ, ಸುಮಾರು 1.1 ಲಕ್ಷ ಕೋಟಿ. ದೊಡ್ಡದೆನಿಸುತ್ತದೆ, ಆದರೆ 1995ರಲ್ಲೇ ಫ್ರಾನ್ಸ್‌ನ ವಿದ್ಯಾರ್ಥಿಯೊಬ್ಬ ನೂರಕ್ಕೂ ಹೆಚ್ಚು ಗಣಕಗಳನ್ನು ಬಿಡುವಿನ ವೇಳೆಯಲ್ಲಿ ಓಡಿಸಿ, ಎಂಟು ದಿನಗಳಲ್ಲಿ ಅಂಥದೊಂದು ಕೀಲಿಯನ್ನು ಹುಡುಕಿಬಿಟ್ಟಿದ್ದ. ಇದನ್ನು ನಂಬಿ ಬ್ಯಾಂಕ್ ವ್ಯವಹಾರ ನಡೆಸುವುದು ಹೇಗೆ? ಕೊರಿಯಾದವರು 1998ರಲ್ಲಿ ಸೀಡ್ ಎಂಬ ತಮ್ಮದೇ 128 ಬಿಟ್ ಗೂಢಲಿಪಿ ರೂಪಿಸಿದರು. ವಿವೇಕದ ಕೆಲಸವೇ. ತೊಂದರೆಯೆಂದರೆ, ಯಾವ ಬ್ರೌಸರ್‌ಗೂ ಸೀಡ್ ಗೊತ್ತಿರಲಿಲ್ಲ. ಆದ್ದರಿಂದ ಅದನ್ನು ಆಕ್ಟಿವ್‌ಎಕ್ಸ್ ಪ್ರೋಗ್ರಾಂ ಆಗಿ ಐಇಗೆ ಅಂಟಿಸಿದರು. 1999ರ ಡಿಜಿಟಲ್ ಸಹಿ ಕಾನೂನಿನಡಿ ಬಂದ ಅಧಿಕೃತ ಪ್ರಮಾಣಪತ್ರವೂ ಇದರ ಜೊತೆ ಸೇರಿತು. ಬ್ಯಾಂಕ್, ಅಂಗಡಿ, ತೆರಿಗೆ, ಸರ್ಕಾರಿ ಅರ್ಜಿ ಎಲ್ಲಕ್ಕೂ ಇದೇ ಏರ್ಪಾಡು.

2000ದ ಜನವರಿಯಲ್ಲಿ ಅಮೆರಿಕ ರಫ್ತಿನ ನಿರ್ಬಂಧ ಸಡಿಲಿಸಿತು. ಈ ಏರ್ಪಾಡಿಗೆ ಇದ್ದ ಮೂಲ ಕಾರಣವೇ ಹೋಯಿತು, ಏರ್ಪಾಡು ಹೋಗಲಿಲ್ಲ. 2005ರಲ್ಲಿ ಸೀಡ್ ಅನ್ನು ಸುರಕ್ಷಿತ ಸಂಪರ್ಕದ ಅಂತರರಾಷ್ಟ್ರೀಯ ನಿಯಮಗಳೊಳಗೆ ಬಳಸುವ ವಿಧಾನವೂ ಪ್ರಕಟವಾಯಿತು. ಆದರೂ ಬ್ಯಾಂಕುಗಳು ಆಕ್ಟಿವ್‌ಎಕ್ಸ್ ಬಿಡಲಿಲ್ಲ. ಜಗತ್ತಿನ ಬೇರೆಡೆ ಫೈರ್‌ಫಾಕ್ಸ್ ಹರಡುತ್ತಿದ್ದ ವರ್ಷಗಳಲ್ಲಿ ಕೊರಿಯಾದಲ್ಲಿ ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಮಂದಿ ಐಇಯಲ್ಲೇ ಇದ್ದರು. ಮ್ಯಾಕಿಂಟಾಶ್ ಅಥವಾ ಲಿನಕ್ಸ್ ಬಳಸುವವರು ಬ್ಯಾಂಕ್ ಕೆಲಸಕ್ಕೆಂದೇ ಇನ್ನೊಂದು ವಿಂಡೋಸ್ ಗಣಕ ಹುಡುಕಿಕೊಂಡು ಹೋಗಬೇಕಿತ್ತು. ಕೊರಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕ ಕಿಮ್ ಕೀಚಾಂಗ್ 2007ರಲ್ಲಿ ಪ್ರಮಾಣಪತ್ರ ನೀಡುವ ಸಂಸ್ಥೆಯ ಮೇಲೆ ಮೊಕದ್ದಮೆ ಹೂಡಿ ಸೋತರು. ಇನ್ನೂ ಒಂದು ಅಡ್ಡಪರಿಣಾಮವಿತ್ತು: ಯಾವ ತಾಣ ಏನನ್ನು ಸ್ಥಾಪಿಸಲೇ ಎಂದು ಕೇಳಿದರೂ 'ಹೌದು' ಒತ್ತುವ ಅಭ್ಯಾಸ ಇಡೀ ದೇಶಕ್ಕೆ ಬಂತು. ಸುರಕ್ಷತೆಗೆಂದು ಆರಂಭವಾದದ್ದೇ ಸುರಕ್ಷತೆಯ ದೊಡ್ಡ ತೂತಾಯಿತು.

ಕೊನೆಗೆ ಗಲಾಟೆ ಎಬ್ಬಿಸಿದ್ದು ವಿಜ್ಞಾನಿಗಳೂ ಅಲ್ಲ, ವಕೀಲರೂ ಅಲ್ಲ, ಒಂದು ಟಿವಿ ಧಾರಾವಾಹಿ. 2014ರ ಮಾರ್ಚ್‌ನಲ್ಲಿ ಆಗಿನ ಅಧ್ಯಕ್ಷೆ ಪಾರ್ಕ್ ಗೆನ್-ಹೆ ಸಭೆಯೊಂದರಲ್ಲಿ, ಜನಪ್ರಿಯ ಧಾರಾವಾಹಿಯ ನಾಯಕಿ ತೊಟ್ಟಂಥ ಕೋಟು ಕೊಳ್ಳಲು ಚೀನಾದ ಅಭಿಮಾನಿಗಳು ಕೊರಿಯಾದ ತಾಣಗಳಿಗೆ ಬಂದರೂ ಈ ಪ್ರಮಾಣಪತ್ರದ ಕಾಟದಿಂದ ಕೊಳ್ಳಲಾಗುತ್ತಿಲ್ಲ ಎಂದು ದೂರಿದರು. ಆಮೇಲೆ ಕಡ್ಡಾಯಗಳು ಒಂದೊಂದಾಗಿ ಸಡಿಲಗೊಂಡು, 2020ರ ಡಿಸೆಂಬರ್‌ನಲ್ಲಿ ಅಧಿಕೃತ ಪ್ರಮಾಣಪತ್ರದ ವ್ಯವಸ್ಥೆ ರದ್ದಾಯಿತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಐಇಯ ಕೊನೆಯ ಆವೃತ್ತಿಯನ್ನು ನಿವೃತ್ತಿಗೊಳಿಸಿದಾಗ, ಗ್ಯೊಂಗ್ಜು ನಗರದ ಒಂದು ಕಾಫಿ ಅಂಗಡಿಯ ಮಾಳಿಗೆಯಲ್ಲಿ ಎಂಜಿನಿಯರ್ ಒಬ್ಬರು ಅದಕ್ಕೊಂದು ಗೋರಿಕಲ್ಲು ನಿಲ್ಲಿಸಿದರು. ಬೇರೆ ಬ್ರೌಸರ್‌ಗಳನ್ನು ಇಳಿಸಿಕೊಳ್ಳಲು ಒಳ್ಳೆಯ ಸಾಧನವಾಗಿತ್ತು ಎಂದು ಅದರ ಮೇಲೆ ಕೆತ್ತಿಸಿದ್ದರು!

ಕೊರಿಯಾವನ್ನು ನೋಡಿ ನಗುವಂತಿಲ್ಲ. ನಮ್ಮ ದೇಶದ ಎಷ್ಟೋ ತಾಣಗಳೂ ಬಹುಕಾಲ ಐಇಯಲ್ಲೇ ತೆರೆಯಿರಿ, 800 × 600 ಅಳತೆಯಲ್ಲಿ ನೋಡಿ ಎಂಬ ಸಾಲನ್ನು ತಳದಲ್ಲಿ ಹೊತ್ತಿದ್ದವು.

ಹೊಸ ಯಜಮಾನ

ಪರಿಚಯಪತ್ರದಲ್ಲಿ ಇನ್ನು ಉಳಿದ ಹೆಸರುಗಳು. ಲಿನಕ್ಸ್‌ನ ಕೆಡಿಇ ಸ್ವಯಂಸೇವಕರು ಕೆಎಚ್‌ಟಿಎಂಎಲ್ ಎಂಬ ಪುಟ್ಟ, ಅಚ್ಚುಕಟ್ಟಾದ ಎಂಜಿನ್ ಬರೆದಿದ್ದರು. ಗೆಕೊಗೆ ಸಿಗುವ ಪುಟಗಳು ತನಗೂ ಸಿಗಲಿ ಎಂದು ಅದು ತಾನು ಗೆಕೊ ಹಾಗೆ ಎಂದು ಹೇಳಿಕೊಂಡಿತು. ಆಪಲ್ ಅದನ್ನು ಆಧಾರವಾಗಿಟ್ಟು 2003ರ ಜನವರಿಯಲ್ಲಿ ಸಫಾರಿ ಬ್ರೌಸರ್ ತಂದಿತು. ಹಾಗೆ ಬೆಳೆದ ಎಂಜಿನ್ ವೆಬ್‌ಕಿಟ್. ಗೂಗಲ್ ವೆಬ್‌ಕಿಟ್ ತೆಗೆದುಕೊಂಡು 2008ರ ಸೆಪ್ಟೆಂಬರ್ 2ರಂದು ಕ್ರೋಮ್ ಹೊರತಂದಿತು. 2013ರಲ್ಲಿ ಅದರಿಂದ ಕವಲೊಡೆದು ಬ್ಲಿಂಕ್ ಎಂಬ ತನ್ನದೇ ಎಂಜಿನ್ ಮಾಡಿಕೊಂಡಿತು. ಸಾಲಿನ ಒಂದೊಂದು ಹೆಸರೂ ಹಿಂದಿನವರ ಹೆಗಲ ಮೇಲೆ ಕೂತದ್ದರ ಗುರುತು.

ಕ್ರೋಮ್‌ನಲ್ಲಿ ತಾಂತ್ರಿಕ ಹೊಸತನ ಖಂಡಿತ ಇತ್ತು. ಪ್ರತಿ ಟ್ಯಾಬ್ ಅನ್ನೂ ಬೇರೆ ಪ್ರಕ್ರಿಯೆಯಾಗಿ ನಡೆಸಿದ್ದರಿಂದ ಒಂದು ಪುಟ ಕೆಟ್ಟರೆ ಉಳಿದವು ಉಳಿಯುತ್ತಿದ್ದವು. ಅದರ ವಿ8 ಭಾಗ ಜಾವಾಸ್ಕ್ರಿಪ್ಟ್ ಆದೇಶಗಳನ್ನು ನೇರ ಯಂತ್ರಭಾಷೆಗೆ ಇಳಿಸಿ ವೇಗ ಹೆಚ್ಚಿಸಿತು. ಜೊತೆಗೆ ಗೂಗಲ್‌ನ ಮುಖಪುಟದ ಪ್ರಚಾರ, ಮುಂದೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಮೊದಲೇ ಕೂತು ಬರುವ ಅನುಕೂಲ. ವಿಂಡೋಸ್ ಜೊತೆ ಐಇ ಬಂದ ಕಥೆ ನೆನಪಾಗಬೇಕಲ್ಲ! ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ 2012ರ ಮೇ ತಿಂಗಳಲ್ಲಿ ಕ್ರೋಮ್ ಐಇಯನ್ನು ಹಿಂದಿಕ್ಕಿತು.

ಯುರೋಪಿನಲ್ಲಿ ಸರ್ಕಾರವೇ ನಡುವೆ ಬಂತು. 2010ರ ಮಾರ್ಚ್‌ನಿಂದ ವಿಂಡೋಸ್ ಬಳಕೆದಾರರಿಗೆ ಬ್ರೌಸರ್‌ಗಳ ಪಟ್ಟಿ ತೋರಿಸಿ ಆರಿಸಿಕೊಳ್ಳಲು ಹೇಳಬೇಕಾಯಿತು. ಒಂದು ಆವೃತ್ತಿಯಲ್ಲಿ ಆ ಪಟ್ಟಿ ಸುಮಾರು ಹದಿನಾಲ್ಕು ತಿಂಗಳು ಕಾಣಿಸಲೇ ಇಲ್ಲ. ಅದಕ್ಕೆ 2013ರಲ್ಲಿ ಮೈಕ್ರೋಸಾಫ್ಟ್ ತೆತ್ತ ದಂಡ 56.1 ಕೋಟಿ ಯೂರೋ. 2024ರ ಮಾರ್ಚ್‌ನಿಂದ ಅಲ್ಲಿನ ಹೊಸ ಕಾನೂನು ಫೋನ್‌ಗಳಿಗೂ ಇಂಥ ಪಟ್ಟಿ ತಂದಿದೆ.

ಈಗ ಜಗತ್ತಿನ ಬಳಕೆಯಲ್ಲಿ ಸುಮಾರು ಮೂರನೇ ಎರಡು ಪಾಲು ಕ್ರೋಮ್‌ನದು. ಒಪೆರಾ 2013ರಲ್ಲಿ ಸ್ವಂತ ಎಂಜಿನ್ ಬಿಟ್ಟು ಗೂಗಲ್‌ನದಕ್ಕೆ ಬಂತು. 2020ರ ಜನವರಿಯಿಂದ ಮೈಕ್ರೋಸಾಫ್ಟ್‌ನ ಎಡ್ಜ್ ಒಳಗೂ ಅದೇ ಎಂಜಿನ್. ಆದ್ದರಿಂದ ಕ್ರೋಮ್ ಬಿಟ್ಟು ಎಡ್ಜ್‌ಗೆ ಹೋದವರು ಬೋರ್ಡು ಬದಲಾದ ಅಂಗಡಿಗೆ ಹೋದಂತೆ, ಅಡುಗೆಮನೆ ಒಂದೇ. ವ್ಯಾಪಕ ಬಳಕೆಯಲ್ಲಿ ಉಳಿದಿರುವ ಎಂಜಿನ್‌ಗಳು ಮೂರು: ಬ್ಲಿಂಕ್, ವೆಬ್‌ಕಿಟ್, ಗೆಕೊ. 2009ರ ಸುಮಾರಿಗೆ ಮೂರನೇ ಒಂದು ಪಾಲಿನ ಹತ್ತಿರ ಬಂದಿದ್ದ ಫೈರ್‌ಫಾಕ್ಸ್ ಈಗ ನೂರಕ್ಕೆ ಎರಡು ಮೂರರಷ್ಟಿದೆ. ತಾಣ ಕಟ್ಟುವವರು ಕ್ರೋಮ್ ಒಂದರಲ್ಲೇ ಪರೀಕ್ಷಿಸಿ ಸುಮ್ಮನಾಗುವುದೂ ಶುರುವಾಗಿದೆ. ನಿಮ್ಮ ಶಾಲೆಯ ಅಥವಾ ಇಲಾಖೆಯ ತಾಣದಲ್ಲಿ ಒಂದು ಅರ್ಜಿಯನ್ನು ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ತುಂಬಿ ನೋಡಿದರೆ ಪರಿಸ್ಥಿತಿ ಅಂದಾಜಾಗುತ್ತದೆ. ತರಗತಿಯಲ್ಲೇ ಮಾಡಬಹುದಾದ ಪ್ರಯೋಗ ಇದು.

ಹುಡುಕುವ ಸೇವೆಯಲ್ಲಿ ಗೂಗಲ್ ಕಾನೂನುಬಾಹಿರ ಏಕಸ್ವಾಮ್ಯ ನಡೆಸಿದೆ ಎಂದು ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟರು. ಕ್ರೋಮ್ ಅನ್ನು ಮಾರಿಸಬೇಕೆಂಬ ಸರ್ಕಾರದ ಬೇಡಿಕೆಯನ್ನು 2025ರ ಸೆಪ್ಟೆಂಬರ್‌ನಲ್ಲಿ ಅವರು ಒಪ್ಪಲಿಲ್ಲ. ತನ್ನ ಹುಡುಕುಸೇವೆಯನ್ನು ಮುಂದಿಡುವುದಕ್ಕಾಗಿ ಗೂಗಲ್ ಬೇರೆ ಬ್ರೌಸರ್‌ಗಳಿಗೆ ಕೊಡುವ ಹಣವನ್ನೂ ಪೂರ್ತಿ ನಿಲ್ಲಿಸಲಿಲ್ಲ. ಆ ಹಣ ನಿಂತರೆ ಫೈರ್‌ಫಾಕ್ಸ್ ಉಳಿಯುವುದೇ ಕಷ್ಟ ಎಂದು ಮೊಜಿಲ್ಲಾದವರು ನ್ಯಾಯಾಲಯದಲ್ಲಿ ಹೇಳಿದ್ದರು. ಅವರ ಆದಾಯದ ಬಹುಪಾಲು ಬರುವುದು ಗೂಗಲ್‌ನಿಂದಲೇ.